ಎಲ್ಲರೂ ನೋಡಿ ಒಪ್ಪಿದ ಹುಡುಗಿ

ಶ್ರೀಗೌರಿಯ ಸೊಂಟದ ಎಡಮಗ್ಗುಲಲ್ಲಿ ಅಂಗೈಯಗಲದ ಒಂದು ಬಿಳಿ ಮಚ್ಚೆ ಇತ್ತು. ನೋಯುವುದಿಲ್ಲ, ತುರಿಸುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಕಾಲೇಜಿನ ದಿನಗಳಲ್ಲಿ ಕಾಣಿಸಿಕೊಂಡದ್ದು ಆಮೇಲೆ ಹಬ್ಬದೆ ತನ್ನ ಪಾಡಿಗೆ ತಾನು ಇದ್ದುಬಿಟ್ಟಿತ್ತು. ಅದನ್ನು ಅದರ ಪಾಡಿಗೆ ಬಿಡದಿದ್ದವರು ಮನುಷ್ಯರು. ತಾಯಿ ಶಾಮಲಾ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ. 'ಅದು ಕಾಣದ ಹಾಗೆ ಪಿನ್ ಹಾಕ್ಕೋ', 'ಅದರ ಸುದ್ದಿ ಈಗ ಬೇಡ, ತಾಳಿ ಬಿದ್ದ ಮೇಲೆ ನೋಡೋಣ' ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ತಂದೆ ಹಿರಿಯಣ್ಣನವರು ಆ ಮಾತು ಬಂದ ಕೂಡಲೇ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು.

ಶ್ರೀಗೌರಿಗೆ ಮೂವತ್ತೆರಡು ವಯಸ್ಸು. ಶಿವಮೊಗ್ಗದ ದುರ್ಗಿಗುಡಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಆ ಮಚ್ಚೆಯನ್ನು ತಾನಾಗಿ, ತನ್ನ ಮನಸ್ಸಿನಿಂದ, ಒಬ್ಬನಿಗೆ ತೋರಿಸಬೇಕು. ಅವನು ನೋಡಬೇಕು, ನೋಡಿದ ಮೇಲೂ ಪಕ್ಕದಲ್ಲಿ ಕೂತಿರಬೇಕು. ಅಂಥವನು ಒಬ್ಬ ಸಾಕು. ಇಷ್ಟು ಸಣ್ಣ ಆಸೆಗೆ ಈ ಲೋಕ ಅವಳನ್ನು ಎಷ್ಟು ಕೊಳೆಯಲ್ಲಿ ಹೊರಳಾಡಿಸಿತು ಎಂದರೆ ಹೇಳುವ ಬಾಯಿಗೂ ಅಸಹ್ಯವಾಗುತ್ತದೆ.

ಹೆಣ್ಣು ನೋಡಲು ಬರುವವರು ಸೋಫಾ ತುಂಬ ಕೂರುತ್ತಿದ್ದರು. ಕೇಸರಿಬಾತಿನ ತುಪ್ಪ ಹತ್ತಿದ ಬೆರಳು ನೆಕ್ಕುತ್ತ ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದರು. ಒಬ್ಬ ಹುಡುಗನ ತಂದೆಯಂತೂ ಕುರ್ಚಿಯಿಂದ ಬಾಗಿಲವರೆಗೆ ನಡೆದು ತೋರಿಸಮ್ಮ ಎಂದರು. ಹಿರಿಯಣ್ಣನವರು ಪೇಪರ್ ಎತ್ತಿಕೊಂಡರು, ಅವಳು ನಡೆದಳು. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಇನ್ನೊಬ್ಬ ಹುಡುಗನ ಸೋದರತ್ತೆ, 'ಬಾರಮ್ಮ, ನೆರಿಗೆ ಸೊಟ್ಟ ಆಗಿದೆ, ಸರಿ ಮಾಡ್ತೀನಿ' ಎಂದು ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ನೆರಿಗೆಯ ಗೊಡವೆಗೆ ಹೋಗದೆ ನೇರವಾಗಿ ಸೊಂಟದ ಸೆರಗಿಗೆ ಕೈ ಹಾಕಿದಳು. ಯಾರೋ ಕಿವಿಯೂದಿ ಕಳಿಸಿದ್ದರು. ಮಚ್ಚೆಯನ್ನು ನೋಡಿದಳು, ಹೆಬ್ಬೆರಳಿನಿಂದ ಉಜ್ಜಿಯೂ ನೋಡಿದಳು. 'ಹೂಂ' ಎಂದು ಹೊರಗೆ ಹೋಗಿ ಇನ್ನೊಂದು ತಟ್ಟೆ ಬಜ್ಜಿ ಹಾಕಿಸಿಕೊಂಡು ತಿಂದಳು. ಆ ಮನೆಯವರಿಂದ ಮತ್ತೆ ಸುದ್ದಿ ಬರಲಿಲ್ಲ. ಆ ಹೆಬ್ಬೆರಳನ್ನು ಮೈಯಿಂದ ತೊಳೆದುಕೊಳ್ಳಲು ಶ್ರೀಗೌರಿ ಆವತ್ತು ಎಷ್ಟು ನೀರು ಸುರಿದುಕೊಂಡಳೋ ಲೆಕ್ಕವಿಲ್ಲ.

ಅಂಗಡಿಯಲ್ಲಿ ಫ್ರೇಮ್ ಮಾರುವ ರಕ್ಷಾ ಒಂದು ದಿನ ಅವಳ ಫೋನ್ ಕಸಿದುಕೊಂಡು ಡೇಟಿಂಗ್ ಆ್ಯಪ್ ಹಾಕಿಕೊಟ್ಟಳು. 'ಆ ಶಾಸ್ತ್ರ ಎಲ್ಲ ಯಾಕೆ ಬೇಕು ಮಾರಾಯ್ತಿ? ಇಲ್ಲಿ ನೋಡೋಳು ನೀನು. ಇಷ್ಟ ಆದ್ರೆ ಮಾತಾಡು, ಇಲ್ಲಾಂದ್ರೆ ಪಕ್ಕಕ್ಕೆ ತಳ್ಳು. ಕೇಸರಿಬಾತಿನ ಖರ್ಚೂ ಇಲ್ಲ' ಎಂದಳು.

ತಳ್ಳಿ ತಳ್ಳಿ ಹೆಬ್ಬೆರಳು ನೋವು ಬಂತು. ಜೋಗದ ಎದುರು ಕಪ್ಪು ಕನ್ನಡಕ ಹಾಕಿ ನಿಂತವರು, ಯಾರದೋ ಬೈಕಿನ ಮೇಲೆ ತಮ್ಮದೆಂಬಂತೆ ಕೂತವರು. ಒಬ್ಬ ಪುಣ್ಯಾತ್ಮ ತನ್ನ ಮದುವೆಯ ಫೋಟೋವನ್ನೇ ಕತ್ತರಿಸಿ ಹಾಕಿದ್ದ. ಅವನ ಹೆಗಲ ಮೇಲೆ ಹಸಿರು ಬಳೆ ತೊಟ್ಟ ಕೈಯೊಂದು ಹಾಗೇ ಉಳಿದಿತ್ತು. ಮಾತಿಗೆ ಕೂತರೆ ಮೊದಲನೆಯ ಸಾಲು 'ಊಟ ಆಯ್ತಾ ಡಿಯರ್', ಎರಡನೆಯದು 'ರೂಮ್ ಇದೆಯಾ'. ನವುಲೆಯ ಕಡೆಯವನೊಬ್ಬ ಒಂದು ವಾರ ಗಿಡಮರ, ಹಕ್ಕಿಪಕ್ಕಿ ಎಂದು ಬಲು ಸಭ್ಯವಾಗಿ ಮಾತಾಡಿ, ಒಂದು ಬೆಳಗ್ಗೆ ಕೇಳದೆ ಕರೆಯದೆ ತನ್ನ ಲುಂಗಿಯೊಳಗಿನ ಫೋಟೋ ಕಳಿಸಿದ. ಶ್ರೀಗೌರಿ ತಿಂಡಿ ತಿನ್ನುತ್ತಿದ್ದಳು. ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

ಊರೂ ಚಿಕ್ಕದಲ್ಲವೇ? ಎರಡು ಕಿಲೋಮೀಟರ್ ದೂರದಲ್ಲಿದ್ದಾನೆ ಎಂದು ಆ್ಯಪ್ ತೋರಿಸುತ್ತಿದ್ದ ಒಬ್ಬ ಬ್ರಹ್ಮಚಾರಿ ಒಂದು ಸಂಜೆ ಸೀದಾ ಅವಳ ಅಂಗಡಿಗೇ ಬಂದ, ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು. ಗದ್ದವನ್ನು ಯಂತ್ರದ ಮೇಲಿಟ್ಟಾಗ ಅವನಿಗೆ ಅವಳ ಗುರುತು ಹತ್ತಿತು. ಲೆನ್ಸಿನಾಚೆ ಅವನ ಕಣ್ಣುಗುಡ್ಡೆ ಓಡಾಡತೊಡಗಿತು.

'ಕಣ್ಣು ಅಲ್ಲಾಡಿಸ್ಬೇಡಿ ಸರ್' ಎಂದಳು ಶ್ರೀಗೌರಿ.

'ಮನೇಲೂ ಹೀಗೇ ಮೇಡಂ, ಬೆಳಗಿಂದ ಸಂಜೆವರೆಗೆ ಫೋನು, ಫೋನು. ಕಣ್ಣು ಹಾಳು ಮಾಡ್ಕೊಂಡಿದಾರೆ' ಎಂದಳು ಹೆಂಡತಿ, ಮಗುವನ್ನು ತೊಡೆಯ ಮೇಲೆ ಕುಣಿಸುತ್ತ.

ಆ ಹೆಂಗಸಿನ ಮುಗ್ಧ ಮುಖ ನೋಡಿ ಶ್ರೀಗೌರಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ರಾತ್ರಿಯೇ ಆ್ಯಪ್ ತೆಗೆದುಹಾಕುವವಳಿದ್ದಳು. ಅಷ್ಟರಲ್ಲಿ ಗುರುಪ್ರಸಾದ್ ಎಂಬವನು ಒಂದು ಸಾಲು ಬರೆದಿದ್ದ: 'ನಿಮ್ಮ ಕನ್ನಡಕದ ಫ್ರೇಮ್ ಚೆನ್ನಾಗಿದೆ. ನನ್ನ ಉದ್ದ ಮುಖಕ್ಕೆ ಯಾವುದು ಹೊಂದುತ್ತೆ ಹೇಳ್ತೀರಾ?'

ಭದ್ರಾವತಿಯ ಜನ್ನಾಪುರದವನು. ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ. ಫೋಟೋದಲ್ಲಿ ಜೋಗವಿರಲಿಲ್ಲ, ಬೈಕಿರಲಿಲ್ಲ. ಮನೆಯ ಮುಂದಿನ ತುಳಸಿಗೆ ನೀರು ಹಾಕುತ್ತಿದ್ದ. ಡಿಯರ್ ಎನ್ನಲಿಲ್ಲ. ಊಟ ಆಯ್ತಾ ಎಂದು ಕೇಳಿದರೂ ಊಟದ ಸಮಯದಲ್ಲೇ ಕೇಳುತ್ತಿದ್ದ. ಒಂದು ಸಲ ಮಾತಿನ ಮಧ್ಯೆ 'ನಿಮ್ಮದು ಯಾವ ಗೋತ್ರ?' ಎಂದ. 'ಯಾಕೆ?' ಎಂದರೆ 'ಸುಮ್ನೆ ಕೇಳ್ದೆ' ಎಂದ. ಶ್ರೀಗೌರಿಗೆ ನಗು ಬಂತು. ಎಲ್ಲಿ ಹೋದರೂ ನಮ್ಮ ಜನ ನಮ್ಮ ಜನವೇ ಎಂದುಕೊಂಡು ಹೇಳಿದಳು. ಆಗ ನಕ್ಕಿದ್ದಕ್ಕೆ ಆಮೇಲೆ ಅವಳು ತನ್ನನ್ನೇ ಶಪಿಸಿಕೊಂಡಳು.

ಒಂದು ಶನಿವಾರ ಅವನು ನಿಜವಾಗಿಯೂ ಕಣ್ಣು ತೋರಿಸಲು ಅಂಗಡಿಗೆ ಬಂದ. ಅವನ ಕಣ್ಣುಗುಡ್ಡೆ ಎಲ್ಲಿಗೂ ಓಡಲಿಲ್ಲ. ಆಮೇಲೆ ಭಾನುವಾರಗಳಂದು ಸೋಗಾನೆ ಕಡೆ ಹೋಗಿ, ರಸ್ತೆ ಬದಿ ಸ್ಕೂಟರ್ ನಿಲ್ಲಿಸಿ, ವಿಮಾನ ಇಳಿಯುವುದನ್ನು ನೋಡುವ ಅಭ್ಯಾಸವಾಯಿತು. ವಿಮಾನ ಬರುವುದು ತಡವಾದಷ್ಟೂ ಅವಳಿಗೆ ಸಂತೋಷ. ಕಡಲೆಕಾಯಿ ಸುಲಿದು ಅವಳ ಕೈಗೆ ಹಾಕುತ್ತಿದ್ದ, ಬೆರಳು ತಾಗಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಮಚ್ಚೆಯ ವಿಷಯ ಅಲ್ಲಿಯೇ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಎದುರಿಗೆ ಮುಖವಿದ್ದರೆ ಅವಳಿಗೆ ಮಾತು ಬರುತ್ತಿರಲಿಲ್ಲ. ಕೊನೆಗೆ ಮನೆಗೆ ಬಂದು ಬರೆದಳು.

ಅವನು ಉತ್ತರ ಬರೆದ: 'ಹೇಳಿದ್ದಕ್ಕೆ ಥ್ಯಾಂಕ್ಸ್ ಗೌರಿ. ನಾನು ನೋಡಬಹುದಾ? ನಂಬಿಕೆ ಇದ್ರೆ ಮಾತ್ರ.'

ನಂಬಿಕೆ ಇದ್ದರೆ ಮಾತ್ರ. ಎಂಥ ಮಾತು! ಅವಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಕುರ್ತಾ ಮೇಲೆತ್ತಿ, ಕನ್ನಡಿಗೆ ಮೈ ತಿರುಗಿಸಿ ಫೋಟೋ ತೆಗೆದಳು. ಮೊದಲಿನವು ಮಸುಕಾದವು. ಚೆನ್ನಾಗಿ ಬಂದ ಒಂದನ್ನು ಕಳಿಸಿ, 'ನೋಡಿ ಅಳಿಸಿಬಿಡು' ಎಂದು ಬರೆದಳು. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಎರಡು ದಿನ ಬರಲಿಲ್ಲ. ಆ ಎರಡು ದಿನ ಅವಳು ಬದುಕಿದ ರೀತಿ ಶತ್ರುವಿಗೂ ಬೇಡ. ಒಬ್ಬ ಮುದುಕರ ಬಲಗಣ್ಣಿನ ಪವರನ್ನು ಎಡಗಣ್ಣಿಗೆ ಬರೆದು ರಕ್ಷಾಳಿಂದ ಹೇಳಿಸಿಕೊಂಡಳು. ಫೋನ್ ಸದ್ದು ಮಾಡಿದಾಗಲೆಲ್ಲ ಓಡಿ ಹೋಗಿ ಎತ್ತಿಕೊಳ್ಳುತ್ತಿದ್ದಳು. ನೋಡಿದರೆ ಗ್ಯಾಸ್ ಬುಕಿಂಗಿನ ಮೆಸೇಜು. ಮೂರನೆಯ ದಿನ ಬೆಳಗ್ಗೆ ಬಂತು: 'ನನಗೆ ಇದು ವಿಷಯವೇ ಅಲ್ಲ ಗೌರಿ. ನೀನು ನೀನೇ. ಫೋಟೋ ಡಿಲೀಟ್ ಮಾಡಿದೀನಿ.'

ಅಂಗಡಿಯ ಕತ್ತಲೆ ಕೋಣೆಯಲ್ಲಿ, ಅಕ್ಷರದ ಫಲಕದ ಎದುರು ರೋಗಿಗಳ ಕುರ್ಚಿಯಲ್ಲಿ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆ ಎರಡು ದಿನದ ಮೌನಕ್ಕೂ ತಾನೇ ಅರ್ಥ ಕೊಟ್ಟುಕೊಂಡಳು. ಪಾಪ, ಬಾಯಿಗೆ ಬಂದದ್ದನ್ನು ಬರೆದುಬಿಡುವ ಚಪಲ ಅವನಿಗಿಲ್ಲ, ತೂಕದ ಮನುಷ್ಯ, ಯೋಚಿಸಿ ಬರೆದಿದ್ದಾನೆ ಎಂದುಕೊಂಡಳು. ಆ ಮೌನಕ್ಕಾಗಿಯೇ ಅವನ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು.

ಮನೆಯಲ್ಲಿ 'ಅಂಗಡಿಗೆ ಬರ್ತಿದ್ದ ಪರಿಚಯ' ಎಂದು ಹೇಳಿದಳು. ಹಿರಿಯಣ್ಣನವರು ಗೋತ್ರ ಕೇಳಿದರು, ಬೇರೆಯಾಗಿತ್ತು, ಉಸಿರು ಬಿಟ್ಟರು. ಎರಡು ಮನೆಯ ನಡುವೆ ಫೋನಾಯಿತು. ಹುಡುಗನ ತಾಯಿ ಶಾಂತಮ್ಮ ಫೋನಿನಲ್ಲೇ, 'ನಾವು ಬಂದು ನೋಡೋದೇನಿದೆ ಶಾಮಲಮ್ಮ? ನಮಗೆಲ್ಲ ಹುಡುಗಿ ಒಪ್ಪಿಗೆ. ನೀವೇ ಒಂದ್ಸಲ ಬಂದು ಮನೆ ನೋಡ್ಕೊಂಡು ಹೋಗಿ' ಎಂದುಬಿಟ್ಟರು.

ಫೋನಿಟ್ಟ ಶಾಮಲಾಗೆ ಕಣ್ಣಲ್ಲಿ ನೀರು. 'ನೋಡದೇ ಒಪ್ಪಿದಾರಲ್ಲೇ ಗೌರಿ! ಈ ಕಾಲದಲ್ಲಿ ಎಂಥಾ ದೊಡ್ಡ ಮನಸ್ಸೇ ಅವರದು!' ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಆಮೇಲೆ ಮಗಳ ಕಿವಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, 'ಹುಡುಗನಿಗೆ ಅದು ಗೊತ್ತಾ?' ಎಂದರು.

'ಗೊತ್ತು. ನಾನೇ ಹೇಳಿದೀನಿ. ಅವನಿಗೆ ಮಾತ್ರ ಗೊತ್ತು.'

'ಅವನೊಬ್ಬನಿಗೆ ಗೊತ್ತಿದ್ರೆ ಸಾಕು ಬಿಡು' ಎಂದು ಶಾಮಲಾ ಇನ್ನೊಂದು ಬತ್ತಿ ಹಾಕಿದರು.

ಭಾನುವಾರ ಹೊರಟರು. ಅರ್ಧ ಮುಕ್ಕಾಲು ಗಂಟೆಯ ದಾರಿಗೆ ಕಾರು ಯಾಕೆ ಎಂದು ಹಿರಿಯಣ್ಣನವರು ಬಸ್ಸಿಗೇ ಹತ್ತಿಸಿದರು. ಶ್ರೀಗೌರಿ ಕಿಟಕಿಯ ಪಕ್ಕ ಕೂತಿದ್ದಳು. ಮೈಸೂರು ರೇಷ್ಮೆಯ ಸೀರೆ, ಸೊಂಟದ ಹತ್ತಿರ ತಾಯಿ ಚುಚ್ಚಿದ ಪಿನ್ನು. ಅವಳ ಜೀವಮಾನದಲ್ಲಿ ಮೊದಲ ಸಲ ಆ ಪಿನ್ನು ಅವಳಿಗೆ ಭಾರವಾಗಿರಲಿಲ್ಲ.

ಜನ್ನಾಪುರದ ಮನೆ ಚೊಕ್ಕಟವಾಗಿತ್ತು. ಫೋಟೋದಲ್ಲಿದ್ದ ತುಳಸಿ ನಿಜವಾಗಿಯೂ ಅಲ್ಲಿತ್ತು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹುಡುಗನ ತಂದೆ ವಿಷ್ಣುಮೂರ್ತಿಗಳು ಗೇಟಿನವರೆಗೆ ಬಂದು ಕರೆದರು. ಗುರುಪ್ರಸಾದ್ ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟಿನಲ್ಲಿ ಮದುಮಗನ ಹಾಗೇ ನಾಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಉಪ್ಪಿಟ್ಟು, ಮೈಸೂರುಪಾಕು, ಕಾಫಿ. ಹಿರಿಯಣ್ಣನವರು ಕುಶಲ ವಿಚಾರಿಸುತ್ತ ಗೋಡೆಯ ಮೇಲಿನ ಗುರುಗಳ ಪಟ ಯಾವ ಮಠದ್ದು ಎಂದು ಕೇಳಿ ತೃಪ್ತಿಪಟ್ಟರು.

'ಬನ್ನಿ, ಒಳಗೆ ಮನೆ ತೋರಿಸ್ತೀನಿ' ಎಂದು ಗುರುಪ್ರಸಾದನ ಅತ್ತಿಗೆ ಸುಪ್ರಿಯಾ ಶ್ರೀಗೌರಿಯ ಕೈ ಹಿಡಿದು ಎಬ್ಬಿಸಿದಳು. ನಗುಮುಖದ ಹೆಂಗಸು. ಅಡುಗೆಮನೆ ತೋರಿಸಿದಳು, ದೇವರಮನೆ ತೋರಿಸಿದಳು. ಹಿಂದಿನ ಕೋಣೆಗೆ ಬಂದಾಗ ಮಂಚದ ಮೇಲೆ ಅಜ್ಜಿಯೊಬ್ಬರು ಕಾಲು ಚಾಚಿ ಕೂತಿದ್ದರು, ವಿಷ್ಣುಮೂರ್ತಿಗಳ ತಾಯಿ. ಸುಪ್ರಿಯಾ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಚಿಲಕ ಹಾಕಿದಳು.

'ಏನೂ ಅನ್ಕೋಬೇಡಿ. ಅಜ್ಜಿಗೆ ದೊಡ್ಡ ಫೋನಿಲ್ಲ ನೋಡಿ. ನಾವೆಲ್ಲ ಫೋಟೋದಲ್ಲೇ ನೋಡಿದ್ವಿ. ಅಜ್ಜಿದು ಮಾತ್ರ ಒಂದೇ ಹಠ, ಕಣ್ಣಾರೆ ನೋಡ್ಬೇಕಂತೆ. ಒಂದ್ನಿಮಿಷ ಸೆರಗು ಸರಿಸ್ಬಿಡಿ, ಮುಗೀತು' ಎಂದಳು.

'ಹತ್ರ ಬಾ ಮಗಾ' ಎಂದರು ಅಜ್ಜಿ ಕೈ ಚಾಚಿ. 'ನಂಗೆ ಪೊರೆ ಬಂದಿದೆ. ದೂರದ್ದು ಕಾಣಲ್ಲ.'

ಶ್ರೀಗೌರಿಗೆ ಮೊದಲು ಏನೂ ಹೊಳೆಯಲಿಲ್ಲ. 'ಯಾವ ಫೋಟೋ?' ಎಂದಳು.

'ಅದೇ, ನೀವು ಗುರುಗೆ ಕಳಿಸಿದ್ರಲ್ಲ, ಮಚ್ಚೆದು. ಅವನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ.' ಸುಪ್ರಿಯಾಳ ದನಿಯಲ್ಲಿ ಅಳುಕಿಲ್ಲ, ವ್ಯಂಗ್ಯವಿಲ್ಲ. ನಲ್ಲಿಗೆ ಯಾವ ಹೊತ್ತಿಗೆ ನೀರು ಬರುತ್ತದೆ ಎಂದು ಹೇಳುವವಳ ಹಾಗೆ ಹೇಳಿದಳು. 'ನಮ್ಮ ಮಾವನ ತಮ್ಮ ದಾವಣಗೆರೇಲಿ ಸ್ಕಿನ್ ಡಾಕ್ಟ್ರು. ಮಕ್ಕಳಿಗೆ ಬರುತ್ತಾ ಅಂತ ಅವರನ್ನ ಒಂದು ಮಾತು ಕೇಳ್ಬೇಕಲ್ಲ? ಅವರು ಯಾವ್ದೋ ಕಾನ್ಫರೆನ್ಸಲ್ಲಿದ್ರು, ಉತ್ತರ ಕೊಡೋಕೆ ಎರಡು ದಿನ ತಗೊಂಡ್ರು. ಅಲ್ಲೀವರೆಗೂ ಪಾಪ ನಮ್ಮ ಗುರು ನಿಮಗೆ ಏನು ಬರೀಲಿ ಅಂತ ಮನೆ ತುಂಬ ಓಡಾಡ್ತಿದ್ದ. ಏನೂ ತೊಂದ್ರೆ ಇಲ್ಲ ಅಂತ ಅವರು ಹೇಳಿದ್ಮೇಲೆ ನಾವೆಲ್ಲ ಒಪ್ಪಿದ್ವಿ. ಆಮೇಲೇ ಅವನು ನಿಮಗೆ ಬರೆದಿದ್ದು.'

ಎರಡು ದಿನ. ಆ ಎರಡು ದಿನಕ್ಕಾಗಿ ಅವಳು ಅವನನ್ನು ಪ್ರೀತಿಸಿದ್ದಳು.

ಯಾರ ಯಾರ ಬೆರಳು ತನ್ನ ಸೊಂಟವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿರಬಹುದು ಎಂದು ಲೆಕ್ಕ ಹಾಕತೊಡಗಿದ್ದ ಮನಸ್ಸನ್ನು ಅವಳು ತಡೆದಳು. ಹೊರಗೆ ಕೂತ ಮಾವ ಆಗಲಿದ್ದವರು ನೋಡಿದ್ದಾರೆ. ಭಾವ ಆಗಲಿದ್ದವನು ನೋಡಿದ್ದಾನೆ. ಮುಖ ನೋಡಿರದ ಚಿಕ್ಕಪ್ಪ, ದೊಡ್ಡಪ್ಪ, ಅವರ ಮಕ್ಕಳು ಊಟದ ನಡುವೆ, ಬಸ್ಸಿನಲ್ಲಿ, ಪಾಯಿಖಾನೆಯಲ್ಲಿ ನೋಡಿದ್ದಾರೆ. ನೋಡಿ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಒತ್ತಿದ್ದಾರೆ. ಆವತ್ತು ಕೋಣೆಗೆ ಕರೆದು ಉಜ್ಜಿ ನೋಡಿದ ಸೋದರತ್ತೆಯೇ ಎಷ್ಟೋ ವಾಸಿ ಎನಿಸಿತು. ಅವಳು ಪ್ರೀತಿಯ ಮಾತಾಡಿರಲಿಲ್ಲ. ನಂಬಿಕೆ ಇದ್ದರೆ ಮಾತ್ರ ಎಂದಿರಲಿಲ್ಲ.

'ತೆಗೀರಿ ಅದನ್ನ. ಈಗಲೇ ತೆಗೀರಿ' ಎಂದಳು.

'ತೆಗೀಬಹುದು ಬಿಡಿ' ಎಂದಳು ಸುಪ್ರಿಯಾ, ಅವಳ ಮುಖ ಕಂಡು ಸ್ವಲ್ಪ ಗಾಬರಿಯಾಗಿ. 'ಆದ್ರೆ ಎಲ್ಲರ ಫೋನಿಗೂ ತಾನಾಗೇ ಇಳಿದಿರುತ್ತಲ್ಲ. ನಮ್ಮೋರೇ ಅಲ್ವಾ, ಯಾರು ಏನು ಮಾಡ್ತಾರೆ?'

'ಬಾ ಮಗಾ, ನಾಚ್ಕೋಬೇಡ' ಎಂದರು ಅಜ್ಜಿ ಮತ್ತೆ. ಅವರ ಒಣಗಿದ ಬೆರಳು ಸೀರೆಯ ಅಂಚಿಗೆ ತಾಗಿತು. ಶ್ರೀಗೌರಿ ಚಿಲಕ ತೆಗೆದು ಹೊರಗೆ ಬಂದಳು.

ನಡುಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನಿಶ್ಚಿತಾರ್ಥಕ್ಕೆ ಯಾವ ತಿಂಗಳು ಒಳ್ಳೆಯದು ಎಂಬ ಮಾತು ನಡೆದಿತ್ತು. ಅವಳು ಕೂರದೆ ಗುರುಪ್ರಸಾದನ ಎದುರು ನಿಂತಳು.

'ಆ ಫೋಟೋನ ಮನೆಯವರಿಗೆಲ್ಲ ಕಳಿಸಿದ್ರಾ?'

ಅವನು ಒಮ್ಮೆ ತಂದೆಯ ಮುಖ ನೋಡಿದ. 'ಕಳಿಸ್ದೆ. ಮನೇಲಿ ಹೇಳದೆ ಹೇಗೆ ಗೌರಿ? ಮುಚ್ಚಿಟ್ಟು ಮದುವೆ ಆದ್ರೆ ಮೋಸ ಆಗಲ್ವಾ? ನಾಳೆ ಯಾರಾದ್ರೂ ಒಂದು ಮಾತು ಆಡಿದ್ರೆ ನಿಂಗೇ ಕಷ್ಟ. ನಿಂಗೋಸ್ಕರವೇ ಒಬ್ಬೊಬ್ಬರನ್ನೂ ಒಪ್ಪಿಸಿದೀನಿ.'

'ಅಳಿಸಿದೀನಿ ಅಂದಿದ್ರಿ.'

'ಅಳಿಸಿದೀನಿ! ನನ್ನ ಫೋನಲ್ಲಿ ಇಲ್ಲ, ಬೇಕಾದ್ರೆ ನೋಡು.' ನಿಜವಾಗಿಯೂ ಫೋನನ್ನು ಮುಂದೆ ಹಿಡಿದ. ಆ ಮುಖದಲ್ಲಿ ಕಳ್ಳತನವಿರಲಿಲ್ಲ. ತಾನು ಮಾಡಿದ್ದು ಸರಿ, ಅಷ್ಟೇ ಅಲ್ಲ, ದೊಡ್ಡದು ಎಂಬ ನಂಬಿಕೆ ಢಾಳಾಗಿ ಕಾಣುತ್ತಿತ್ತು. ಕಳ್ಳನಾಗಿದ್ದರೆ ಅವಳಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

'ಯಾವ ಫೋಟೋ?' ಎಂದರು ಹಿರಿಯಣ್ಣನವರು. ಅವರ ಕೈಯಲ್ಲಿ ಮೈಸೂರುಪಾಕಿನ ತಟ್ಟೆ ಇತ್ತು.

ಶಾಮಲಾ ತಲೆ ತಗ್ಗಿಸಿದರು. ಉತ್ತರ ಕೊಟ್ಟವರು ಶಾಂತಮ್ಮ, ಅದೂ ಅತಿಥಿಗೆ ಮುಜುಗರವಾಗಬಾರದೆಂಬ ಮೆತ್ತನೆಯ ದನಿಯಲ್ಲಿ: 'ಅದೇ ಮೇಷ್ಟ್ರೇ, ಸೊಂಟದ್ದು. ಗೌರಿನೇ ಕಳಿಸಿದ್ದು. ಅಷ್ಟೇನೂ ದೊಡ್ಡದಿಲ್ಲ ಬಿಡಿ.'

'ನೀವಾಗಿ ನಮಗೆ ಹೇಳ್ಲಿಲ್ಲ' ಎಂದು ವಿಷ್ಣುಮೂರ್ತಿಗಳು ಮುಂದುವರಿಸಿದರು. 'ಅದನ್ನೂ ನಾವು ಮನಸ್ಸಿಗೆ ಹಚ್ಕೊಂಡಿಲ್ಲ. ನಮ್ದು ಮುಚ್ಚುಮರೆ ಇಲ್ಲದ ಮನೆ. ಎಲ್ಲರೂ ನೋಡಿದೀವಿ, ಎಲ್ಲರೂ ಒಪ್ಪಿದೀವಿ. ಬೇರೆ ಯಾರು ಒಪ್ತಿದ್ರು ಹೇಳಿ?'

ಹಿರಿಯಣ್ಣನವರು ತಟ್ಟೆಯನ್ನು ನೆಲದ ಮೇಲಿಟ್ಟರು. ಇಡಲು ಎದುರಿಗೇ ಟೀಪಾಯಿ ಇತ್ತು. ವರ್ಷಗಟ್ಟಲೆ ಪೇಪರಿನ ಹಿಂದೆ ಅಡಗಿದ್ದ ಆ ಮುಖಕ್ಕೆ ಈಗ ಮರೆಯಾಗಲು ಏನೂ ಸಿಕ್ಕಲಿಲ್ಲ. ಅವರು ಮಗಳ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ.

'ಸರಿ' ಎಂದಳು ಶ್ರೀಗೌರಿ. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. 'ಹಾಗಾದ್ರೆ ನಮ್ಮ ಕಡೆಯಿಂದ್ಲೂ ಮುಚ್ಚುಮರೆ ಬೇಡ. ಶರ್ಟ್ ತೆಗೀರಿ.'

ಯಾರೋ ನಕ್ಕರು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

'ನಿಮಗೇ ಹೇಳ್ತಿರೋದು ಗುರುಪ್ರಸಾದ್. ಶರ್ಟ್ ತೆಗೀರಿ. ಬನಿಯನ್ನೂ ತೆಗೀರಿ. ಅಪ್ಪ ನೋಡ್ಲಿ, ಅಮ್ಮ ನೋಡ್ಲಿ. ಆಮೇಲೆ ಬೆನ್ನು ತಿರುಗಿಸಿ ನಿಂತ್ಕೊಳ್ಳಿ. ನಾನೊಂದು ಫೋಟೋ ತೆಗ್ದು ನಮ್ಮ ಸೋದರಮಾವಂದಿರಿಗೆಲ್ಲ ಕಳಿಸ್ತೀನಿ. ಅವರು ಒಪ್ಪಿದ್ಮೇಲೆ ನಿಮಗೆ ತಿಳಿಸ್ತೀನಿ.'

ಗುರುಪ್ರಸಾದನ ಮುಖ ಕೆಂಪೇರಿತು. ಕೈ ತಾನಾಗಿ ಮೇಲೆ ಹೋಗಿ ಕಾಲರಿನ ಗುಂಡಿಯನ್ನು ಭದ್ರವಾಗಿ ಹಿಡಿದುಕೊಂಡಿತು.

'ಎಲ್ಲರ ಎದುರಿಗಾ?' ಎಂದ.

ಆ ಮಾತು ಹೊರಬಿದ್ದ ಮೇಲೂ ತಾನು ಹೇಳಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. 'ಇದೇನಮ್ಮಾ ಇದು, ಗಂಡು ಹುಡುಗನಿಗೆ ಹೀಗಾ ಮಾತಾಡೋದು?' ಎಂದರು ಶಾಂತಮ್ಮ. 'ಬಾಯಿ ಸ್ವಲ್ಪ ಜೋರು' ಎಂದರು ವಿಷ್ಣುಮೂರ್ತಿಗಳು ಹೆಂಡತಿಗೆ. ಶ್ರೀಗೌರಿ ಕಣ್ಣು ಕೀಳದೆ ಆ ಗುಂಡಿಯನ್ನೇ ನೋಡುತ್ತಿದ್ದಳು. ಅವಳ ಬಚ್ಚಲಮನೆಯ ಫೋಟೋವನ್ನು ಊರೂರಿಗೆ ಹಂಚಿದ ಬೆರಳು ಈಗ ಒಂದು ಗುಂಡಿಯನ್ನು ಬಿಡಲಾರದೆ ಹಿಡಿದಿತ್ತು. ಕಡಲೆಕಾಯಿ ಸುಲಿದು ಕೊಟ್ಟದ್ದೂ ಅದೇ ಬೆರಳು. ಥೂ ಎಂದು ಉಗಿಯಬೇಕೆನಿಸಿತು. ನೆಲ ಬೇರೆಯವರ ಮನೆಯದಾದ್ದರಿಂದ ನುಂಗಿಕೊಂಡಳು.

ಹಿರಿಯಣ್ಣನವರು ಎದ್ದರು. ಶತ್ರುವಿನ ಮನೆಯಿಂದಲೂ 'ಬರ್ತೀವಿ' ಎಂದು ಕೈಮುಗಿಯದೆ ಹೊರಟವರಲ್ಲ ಅವರು. ಆವತ್ತು ಏನೂ ಹೇಳದೆ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿ ರಸ್ತೆಗೆ ನಡೆದರು. ಶ್ರೀಗೌರಿ ಹಿಂಬಾಲಿಸಿದಳು. ಶಾಮಲಾ ಮಾತ್ರ ಹಿಂದೆ ಉಳಿದು ಶಾಂತಮ್ಮನ ಕೈ ಹಿಡಿದು ಏನೋ ಹೇಳಿ, ಕುಂಕುಮ ಇಡಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ ಓಡಿ ಬಂದರು.

ಬಸ್ಸು ಖಾಲಿ ಇತ್ತು. ಹಿರಿಯಣ್ಣನವರು ಡ್ರೈವರಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಹೋಗಿ ಕೂತರು. ತಾಯಿ ಮಗಳು ಹಿಂದೆ ಒಟ್ಟಿಗೆ ಕೂತರು. ಶಾಮಲಾ ಟಿಕೆಟನ್ನು ಬೆರಳಲ್ಲಿ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಅಷ್ಟೂ ಜನರ ಫೋನಿನಲ್ಲಿ ತನ್ನ ಸೊಂಟ ಈಗಲೂ ಇದೆ, ನಾಳೆಯೂ ಇರುತ್ತದೆ, ಅವರು ಫೋನ್ ಬದಲಾಯಿಸಿದರೆ ಹೊಸ ಫೋನಿಗೂ ಹೋಗುತ್ತದೆ ಎಂಬುದು ಮಗಳ ತಲೆಯಿಂದ ಹೋಗುತ್ತಿರಲಿಲ್ಲ. ತಾನಾಗಿ ಒಬ್ಬನಿಗೆ ತೋರಿಸಬೇಕೆಂದು ಕಾಯ್ದಿಟ್ಟುಕೊಂಡಿದ್ದರಲ್ಲಿ ಈಗ ಅವಳ ಪಾಲಿಗೆ ಏನೂ ಉಳಿದಿರಲಿಲ್ಲ.

ಮಲವಗೊಪ್ಪ ಹತ್ತಿರ ಬರುವಾಗ ಫೋನ್ ಸದ್ದು ಮಾಡಿತು. ಗುರುಪ್ರಸಾದ್ ಬರೆದಿದ್ದ. ಈ ಸಲ ಎರಡು ದಿನ ತೆಗೆದುಕೊಂಡಿರಲಿಲ್ಲ.

'ಬೇಜಾರ್ ಮಾಡ್ಕೋಬೇಡ ಗೌರಿ. ನೀನು ಹಾಗೆ ಮಾತಾಡಿದ್ದು ಯಾರಿಗೂ ಹಿಡಿಸಿಲ್ಲ. ಆದ್ರೂ ನಾನು ಎಲ್ಲರ ಹತ್ರ ಮಾತಾಡಿದೀನಿ. ನೀನು ಕ್ಷಮಿಸಿ ಅಂತ ಒಂದು ಮಾತು ಹೇಳಿದ್ರೆ ಸಾಕು, ಈಗಲೂ ಒಪ್ತಾರೆ.'

ಅವಳು ಓದಿದಳು. ಓದಿ ಫೋನನ್ನು ತಾಯಿಯ ಮಡಿಲಿಗೆ ಹಾಕಿದಳು. ಈ ಕೊಳೆಯನ್ನು ಇನ್ನೊಂದು ಜೀವವಾದರೂ ಕಣ್ಣಾರೆ ಕಾಣಲಿ, ತನ್ನ ಜೊತೆ ಸೇರಿ ಅಸಹ್ಯಪಡಲಿ ಎನ್ನುವುದಷ್ಟೇ ಅವಳಿಗೆ ಬೇಕಾಗಿತ್ತು.

ಶಾಮಲಾ ಕನ್ನಡಕ ಹಾಕಿಕೊಂಡು, ಫೋನನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದರು. ಓದುತ್ತ ಓದುತ್ತ ಬಾಡಿದ್ದ ಮುಖ ತಿಳಿಯಾಯಿತು. ಅವರು ಮಗಳ ತೋಳು ಹಿಡಿದು ಪಿಸುಗುಟ್ಟಿದರು.

'ಈಗಲೂ ಒಪ್ತಾರಂತಲ್ಲೇ ಗೌರಿ!'

ಶ್ರೀಗೌರಿ ತೋಳು ಬಿಡಿಸಿಕೊಂಡು ಎದ್ದಳು. ಬಸ್ಸಿನ ತುಂಬ ಖಾಲಿ ಸೀಟುಗಳಿದ್ದವು. ಅವಳು ಶಿವಮೊಗ್ಗದವರೆಗೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬಂದಳು.